ಕೆಳಗಿನ ಹಲ್ಲುಸೆಟ್ಟು: ಸುಮ್ನೆ ಕೂರಿಸುವುದೋ, ಇಂಪ್ಲಾಂಟ್ ಮೇಲೋ?

ಕೆಳಗಿನ ಹಲ್ಲೆಲ್ಲ ಹೋದವರಿಗೆ ದೊಡ್ಡ ಕಾಟ ಅಂದರೆ ಸೆಟ್ಟು ಅಲ್ಲಾಡುವುದು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗೆ ಆ ಆಸರೆ ಇಲ್ಲ, ಜೊತೆಗೆ ನಾಲಿಗೆ ಬೇರೆ ಎತ್ತಿ ಹಾಕುತ್ತದೆ. ಕೆಳದವಡೆಯ ಮೂಳೆಗೆ ಎರಡು ಇಂಪ್ಲಾಂಟ್ (ತಿರುಪಿನಂಥ ಕೃತಕ ಬೇರು) ಹಾಕಿ, ಅದರ ಮೇಲೆ ಒತ್ತುಗುಂಡಿಯಂತೆ ಟಕ್ಕನೆ ಕೂರುವ ಸೆಟ್ಟೇ ಮೊದಲ ಆಯ್ಕೆ ಆಗಬೇಕು ಎಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ನನ್ನ ಮತವೂ ಅದಕ್ಕೇ. ಆದರೆ ಶಸ್ತ್ರಚಿಕಿತ್ಸೆ ಆಗಬೇಕು, ಇಂಪ್ಲಾಂಟ್ ಮೂಳೆಗೆ ಬೆಸೆಯಲು ಕೆಲವು ತಿಂಗಳು ಕಾಯಬೇಕು. ಸೆಟ್ಟಿನೊಳಗೆ ಇಂಪ್ಲಾಂಟನ್ನು ಹಿಡಿಯುವ ನೈಲಾನ್ ಬಿಲ್ಲೆ ಸವೆಯುತ್ತದೆ, ಆಗಾಗ ಬದಲಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸಿಗರೇಟು ಸೇದುವವರು ವೈದ್ಯರಿಗೆ ಮೊದಲೇ ಹೇಳಿಬಿಡಿ.

ಸುಮ್ನೆ ಕೂರಿಸುವ ಸೆಟ್ಟು, ಇಂಪ್ಲಾಂಟ್ ಸೆಟ್ಟು ಎರಡನ್ನೂ ಈಗ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಬಹುದು. ತಯಾರಿಗೆ ಎರಡು ದಾರಿ. ಮಿಲ್ಲಿಂಗ್‌ನಲ್ಲಿ ಕಾರ್ಖಾನೆಯಲ್ಲೇ ಗಟ್ಟಿ ಮಾಡಿದ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಬಿಲ್ಲೆಯನ್ನು ಕೊರೆಯುತ್ತಾರೆ. ಆಮೇಲೆ ಅದು ಕುಗ್ಗುವುದಿಲ್ಲ, ವಸಡಿಗೆ ಚೆನ್ನಾಗಿ ಹೊಂದುತ್ತದೆ. ಬಿಲ್ಲೆಯ ಬಹುಪಾಲು ಮಾತ್ರ ಪುಡಿಯಾಗಿ ಹೋಗುತ್ತದೆ. ತ್ರೀಡಿ ಪ್ರಿಂಟಿಂಗ್‌ನಲ್ಲಿ ದ್ರವ ರೆಸಿನ್ ಅನ್ನು ಬೆಳಕಿನಿಂದ ಪದರ ಪದರವಾಗಿ, ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದಲ್ಲಿ, ಗಟ್ಟಿ ಮಾಡುತ್ತಾರೆ. ಖರ್ಚು ಕಡಿಮೆ, ಬಲವೂ ಸ್ವಲ್ಪ ಕಡಿಮೆ.

ಇಂಪ್ಲಾಂಟ್ ತಲೆ ಕೂರುವ ಕಡೆ ಸೆಟ್ಟು ತೆಳ್ಳಗಾಗುತ್ತದೆ, ಬಿರುಕು ಅಲ್ಲೇ ಶುರುವಾಗುತ್ತದೆ. ಅದಕ್ಕೇ ಇಂಪ್ಲಾಂಟ್ ಸೆಟ್ಟಿಗೆ ಮಿಲ್ಲಿಂಗ್ ಮಾಡಿದ್ದನ್ನೇ ಕೇಳಿ. ಬಾಯಲ್ಲಿಟ್ಟು ನೋಡುವ ಮಾದರಿಗೆ, ಕೈಯಲ್ಲೊಂದು ಹೆಚ್ಚುವರಿ ಸೆಟ್ಟಿಗೆ ಪ್ರಿಂಟ್ ಸಾಕು. ಫೈಲ್ ಉಳಿದಿರುತ್ತದಲ್ವಾ, ಸೆಟ್ಟು ಕಳೆದರೂ ಮತ್ತೊಂದು ಮಾಡಿಸಬಹುದು. ವರ್ಷಗಳಾಗಿ ವಸಡಿನಡಿಯ ಮೂಳೆ ಕರಗಿದ್ದರೆ ಮಾತ್ರ ಹೊಸ ಅಳತೆ ಬೇಕೇ ಬೇಕು.