ಎಲ್‌ಸ್ಯಾಟ್ ತಯಾರಿ: ಒಬ್ಬಳೇ ಓದಿದ್ದು, ಕ್ಲಾಸಿಗೆ ಹೋದದ್ದು, ಚಂದಾ ಕಟ್ಟಿದ್ದು, ಅಮ್ಮನ ಮುಂದೆ ಕೂತದ್ದು

ಕೆನಡಾದ ಬ್ರಾಂಪ್ಟನ್‌ಗೆ ಬಂದು ಆರು ವರ್ಷ ಆದ ಮೇಲೆ ಲಾ ಓದಲೇಬೇಕು ಅಂತ ತೀರ್ಮಾನ ಮಾಡಿದೆ. ಊರಲ್ಲಿ ಬಿ.ಕಾಂ. ಮುಗಿಸಿದ್ದೆ. ಇಲ್ಲಿ ಇನ್ಶೂರೆನ್ಸ್ ಕಚೇರಿಯಲ್ಲಿ ಕ್ಲೇಮ್ ನೋಡುವ ಕೆಲಸ. ದಿನವೂ ವಕೀಲರ ಪತ್ರ ಓದಿ ಓದಿ ಆಸೆ ಹುಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ತಯಾರಿ ಶುರು ಮಾಡಿದೆ, ಮುಂದಿನ ಒಂದು ವರ್ಷದಲ್ಲಿ ಎಲ್‌ಸ್ಯಾಟ್ ಅನ್ನುವ ಲಾ ಕಾಲೇಜು ಪ್ರವೇಶ ಪರೀಕ್ಷೆ ಎರಡು ಸಲ ಬರೆದೆ. ನಾಲ್ಕು ಬಗೆಯಲ್ಲಿ ಓದಿ ನೋಡಿದೆ. ಒಂದೊಂದೂ ಹೇಗಿತ್ತು ಅಂತ ಹೇಳುತ್ತೇನೆ.

ಮೊದಲು ಒಂದು ಮಾತು. ನೀವು ಊರಲ್ಲೇ ಎಲ್‌ಎಲ್‌ಬಿ ಮಾಡಿ ಬಂದಿದ್ದರೆ ನಿಮ್ಮ ದಾರಿ ಬೇರೆ. ಎನ್‌ಸಿಎ ಅನ್ನುವ ಸಮಿತಿ ನಿಮ್ಮ ಡಿಗ್ರಿ ನೋಡಿ, ಯಾವ ಯಾವ ವಿಷಯದಲ್ಲಿ ಪರೀಕ್ಷೆ ಬರೆಯಬೇಕು ಅಂತ ಹೇಳುತ್ತದೆ. ಅದಕ್ಕೆ ಎಲ್‌ಸ್ಯಾಟ್ ಬೇಡ. ನನ್ನ ಹಾಗೆ ಬೇರೆ ಡಿಗ್ರಿ ಇಟ್ಟುಕೊಂಡು ಇಲ್ಲಿ ಜೆ.ಡಿ. ಅನ್ನುವ ಲಾ ಡಿಗ್ರಿಗೆ ಸೇರಬೇಕು ಅನ್ನುವವರಿಗೆ ಈ ಬರಹ. ಇಂಗ್ಲಿಷ್‌ನಲ್ಲಿ ಕಲಿಸುವ ಕಾಲೇಜುಗಳಲ್ಲಿ ಹೆಚ್ಚಿನವು ಎಲ್‌ಸ್ಯಾಟ್ ಕೇಳುತ್ತವೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ಕಡ್ಡಾಯ ಮಾಡಿಲ್ಲ, ಆದರೆ ಅಲ್ಲಿ ಫ್ರೆಂಚ್ ಕೂಡ ಚೆನ್ನಾಗಿ ಬರಬೇಕು. ನನಗೆ ಬರುವುದಿಲ್ಲ.

ಪರೀಕ್ಷೆಯಲ್ಲಿ ನಾಲ್ಕು ಭಾಗ, ಒಂದೊಂದಕ್ಕೆ 35 ನಿಮಿಷ. ವಾದಗಳನ್ನು ಬಿಡಿಸಿ ನೋಡುವ ಲಾಜಿಕಲ್ ರೀಸನಿಂಗ್ ಎರಡು, ಓದಿ ಉತ್ತರಿಸುವ ರೀಡಿಂಗ್ ಕಾಂಪ್ರಹೆನ್ಷನ್ ಒಂದು. ಉಳಿದ ಒಂದಕ್ಕೆ ಅಂಕ ಇಲ್ಲ, ಆದರೆ ನಾಲ್ಕರಲ್ಲಿ ಅದು ಯಾವುದು ಅಂತ ನಿಮಗೆ ಹೇಳುವುದಿಲ್ಲ. ಅಂಕ 120ರಿಂದ 180ರ ನಡುವೆ ಬರುತ್ತದೆ. ನಮ್ಮ ಸಿಇಟಿ ತರಹ ಇಲ್ಲೂ ನೆಗೆಟಿವ್ ಮಾರ್ಕ್ ಇಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಮೊದಲು ಒಬ್ಬಳೇ ಓದಿದೆ. ಖರ್ಚು ಕಡಿಮೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕ ತಂದೆ. ಭಾರಿ ದಪ್ಪ. ದಿನಾ ಸಂಜೆ ಬ್ರಾಂಪ್ಟನ್ ಲೈಬ್ರರಿಯ ಚಿಂಗ್ವಾಕೂಸಿ ಶಾಖೆಯಲ್ಲಿ ಕೂತು ಓದುತ್ತಿದ್ದೆ. ಒಂದು ತಿಂಗಳು ಪೂರ್ತಿ ಲಾಜಿಕ್ ಗೇಮ್ಸ್ ಅಭ್ಯಾಸ ಮಾಡಿದೆ. ಏಳು ಜನ ಏಳು ಕುರ್ಚಿ, ಯಾರ ಪಕ್ಕ ಯಾರು ಕೂರಬಹುದು ಅನ್ನುವಂಥ ಲೆಕ್ಕಗಳು. ಆಮೇಲೆ ಗೊತ್ತಾಯಿತು, 2024ರ ಆಗಸ್ಟ್‌ನಿಂದ ಆ ಭಾಗವನ್ನೇ ಪರೀಕ್ಷೆಯಿಂದ ತೆಗೆದಿದ್ದಾರೆ ಅಂತ. ಅವತ್ತು ಲೈಬ್ರರಿಯಿಂದ ಬಸ್ ಸ್ಟಾಪಿನವರೆಗೂ ಅಳು ತಡೆದುಕೊಂಡೇ ನಡೆದೆ. ಹಳೇ ಪುಸ್ತಕ ಸಿಕ್ಕರೆ ಬಿಸಾಡಬೇಕಿಲ್ಲ, ವಾದದ ಅಧ್ಯಾಯಗಳು ಈಗಲೂ ಉಪಯೋಗಕ್ಕೆ ಬರುತ್ತವೆ. ಗೇಮ್ಸ್ ಭಾಗ ಮಾತ್ರ ಮುಟ್ಟಬೇಡಿ.

ಪುಸ್ತಕಕ್ಕಿಂತ ಲಾಹಬ್ ಚೆನ್ನಾಗಿ ಕೆಲಸಕ್ಕೆ ಬಂತು. ಪರೀಕ್ಷೆ ನಡೆಸುವ ಎಲ್‌ಸ್ಯಾಕ್ ಸಂಸ್ಥೆಯದೇ ತಾಣ ಅದು. ಕೆಲವು ಟೆಸ್ಟ್ ಪುಕ್ಕಟೆ ಸಿಗುತ್ತವೆ. ವರ್ಷದ ಚಂದಾ ಕಟ್ಟಿದರೆ ಐವತ್ತಕ್ಕೂ ಜಾಸ್ತಿ ಟೆಸ್ಟ್ ತೆರೆದುಕೊಳ್ಳುತ್ತವೆ, ನಾನು ಕಟ್ಟಿದಾಗ ಅದು 120 ಅಮೆರಿಕನ್ ಡಾಲರ್ ಇತ್ತು. ನಿಜವಾದ ಪರೀಕ್ಷೆಯ ಪರದೆ ಹೇಗಿರುತ್ತದೋ ಇಲ್ಲೂ ಹಾಗೇ ಇರುತ್ತದೆ. ನನ್ನ ಮೊದಲ ಟೆಸ್ಟ್‌ನಲ್ಲಿ 146 ಬಂತು. ಒಬ್ಬಳೇ ಎರಡು ತಿಂಗಳು ತಿಣುಕಾಡಿ 150ಕ್ಕೆ ಬಂದೆ. ಅಲ್ಲಿಗೆ ನಿಂತುಹೋಯಿತು. ತಪ್ಪಾದ ಉತ್ತರ ಕಾಣುತ್ತಿತ್ತು, ಯಾಕೆ ತಪ್ಪು ಅಂತ ತಲೆಗೆ ಹೋಗುತ್ತಿರಲಿಲ್ಲ.

ಹಾಗಾಗಿ ಶನಿವಾರದ ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಎಂಟು ಶನಿವಾರ, 1,400 ಡಾಲರ್. ನನ್ನ ಒಂದು ತಿಂಗಳ ಬಾಡಿಗೆಗೆ ಹತ್ತಿರದ ದುಡ್ಡು. ಕೋಣೆಯಲ್ಲಿ ಇಪ್ಪತ್ತು ಚಿಲ್ಲರೆ ಜನ. ಮೇಷ್ಟ್ರು ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಎಲ್ಲರಿಗೂ ಒಂದೇ ವೇಗ. ಆಗಲೇ 160 ತೆಗೆದವರೂ ಅಲ್ಲಿದ್ದರು, ನನ್ನಂಥವರೂ ಇದ್ದರು. ನಾನು ಕೈ ಎತ್ತುವಷ್ಟರಲ್ಲಿ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಎಂಟು ವಾರ ಆದ ಮೇಲೆ ನನ್ನ ಅಂಕ 151. ಒಂದೇ ಒಂದು ಅಂಕಕ್ಕೆ ಅಷ್ಟು ದುಡ್ಡು ಹೋಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಮನೆಯಲ್ಲಿ ಕೂತರೆ ಪುಸ್ತಕ ತೆರೆಯುವುದೇ ಇಲ್ಲ ಅನ್ನುವವರಿಗೆ, ವಾರಕ್ಕೊಮ್ಮೆ ಯಾರೋ ಕಾಯುತ್ತಿರುತ್ತಾರೆ ಅನ್ನುವುದು ದೊಡ್ಡ ಆಸರೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಅದೇ ಬೇಕಾಗಿತ್ತು, ಅವಳು ಅಲ್ಲೇ ಏಳು ಅಂಕ ಏರಿದಳು.

ಮೂರನೆಯದು ತಿಂಗಳ ಚಂದಾ ಕಟ್ಟುವ ಆನ್‌ಲೈನ್ ಕೋರ್ಸ್. ನಾನು ಸೆವೆನ್‌ಸೇಜ್ ತೆಗೆದುಕೊಂಡೆ, ತಿಂಗಳಿಗೆ ಸುಮಾರು 70 ಅಮೆರಿಕನ್ ಡಾಲರ್. ಅದರ ಜೊತೆ ಲಾಹಬ್‌ನ ವರ್ಷದ ಚಂದಾ ಬೇರೆ ಇರಬೇಕು, ಇಲ್ಲದಿದ್ದರೆ ಟೆಸ್ಟ್‌ಗಳು ತೆರೆಯುವುದಿಲ್ಲ. ಲೆಕ್ಕ ಹಾಕುವಾಗ ಎರಡನ್ನೂ ಸೇರಿಸಿ. ಇಲ್ಲಿ ಕಲಿತ ದೊಡ್ಡ ವಿಷಯ ಬ್ಲೈಂಡ್ ರಿವ್ಯೂ. ಸಮಯ ಇಟ್ಟುಕೊಂಡು ಟೆಸ್ಟ್ ಮುಗಿಸಿ. ಉತ್ತರ ನೋಡಬೇಡಿ. ಅನುಮಾನ ಬಂದ ಪ್ರಶ್ನೆಗಳನ್ನು ನಿಧಾನವಾಗಿ ಇನ್ನೊಮ್ಮೆ ಮಾಡಿ. ಆಮೇಲೆ ಉತ್ತರ ನೋಡಿ. ನಿಧಾನವಾಗಿ ಮಾಡಿದಾಗ ಸರಿಯಾಯಿತು ಅಂದರೆ ಸಮಸ್ಯೆ ವೇಗದ್ದು. ಆಗಲೂ ತಪ್ಪಿದರೆ ಅರ್ಥವೇ ಆಗಿಲ್ಲ ಅಂತ. ಐದು ತಿಂಗಳು ಹುಡುಕಿದರೂ ನನಗೆ ಸಿಗದ ಉತ್ತರ ಇದರಿಂದ ಒಂದೇ ವಾರದಲ್ಲಿ ಸಿಕ್ಕಿತು. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ವೇಗದ್ದಾಗಿರಲಿಲ್ಲ. ಇಂಗ್ಲಿಷಿನ ಮೂರ್ನಾಲ್ಕು ಸಣ್ಣ ಪದಗಳು ನನ್ನನ್ನು ಎಡವಿಸುತ್ತಿದ್ದವು. ಇಫ್, ಓನ್ಲಿ ಇಫ್, ಅನ್‌ಲೆಸ್, ಸಮ್.

ವಿಡಿಯೋ ಪಾಠ ಎಷ್ಟು ನೋಡಿದರೂ ಇವು ಕೂರಲಿಲ್ಲ. ಕೂತದ್ದು ಅಮ್ಮನಿಂದ. ಆಗ ಅಮ್ಮ ಊರಿಂದ ಬಂದು ನಮ್ಮ ಜೊತೆ ಇದ್ದರು. ಒಂದು ರಾತ್ರಿ ಹುರುಳಿಕಾಯಿ ಬಿಡಿಸುತ್ತಾ, 'ಅದೇನೇ ಅದು, ದಿನಾ ಗೊಣಗ್ತೀಯಲ್ಲ' ಅಂದರು. ಕನ್ನಡದಲ್ಲಿ ಹೇಳಿದೆ: ಮಳೆ ಬಂದರೆ ಮಾತ್ರ ಕೆರೆ ತುಂಬುತ್ತದೆ. ಮಳೆ ಬಂದಿದೆ. ಆದ್ದರಿಂದ ಕೆರೆ ತುಂಬಿದೆ. ಅಮ್ಮ ತಟ್ಟನೆ, 'ಅಲ್ಲ ಕಣೇ, ಕಾಲುವೇಲಿ ಹೂಳು ತುಂಬಿದ್ರೆ? ಮಳೆ ಬಂದ್ರೂ ನೀರು ಕೆರೆಗೆ ಬರಬೇಕಲ್ಲ' ಅಂದರು.

ಅಷ್ಟೇ ವಿಷಯ. 'ಮಳೆ ಬಂದರೆ ಕೆರೆ ತುಂಬುತ್ತದೆ' ಅಂದಾಗ ಮಳೆ ಒಂದೇ ಸಾಕು. ಆದರೆ ತುಂಬಿದ ಕೆರೆ ನೋಡಿ ಮಳೆ ಬಂತು ಅನ್ನುವ ಹಾಗಿಲ್ಲ, ನದಿಯಿಂದ ನೀರು ಬಿಟ್ಟಿರಬಹುದು. 'ಬಂದರೆ ಮಾತ್ರ' ಅಂದಾಗ ಪೂರ್ತಿ ತಿರುಗುತ್ತದೆ. ತುಂಬಿದ ಕೆರೆ ನೋಡಿ ಮಳೆ ಬಂತು ಅನ್ನಬಹುದು, ಮಳೆ ನೋಡಿ ಕೆರೆ ತುಂಬಿತು ಅನ್ನುವ ಹಾಗಿಲ್ಲ. 'ಮಾತ್ರ' ಅನ್ನುವ ಒಂದು ಪದ. ಕನ್ನಡದಲ್ಲಿ ಅದು ನಮಗೆ ಹುಟ್ಟಿನಿಂದ ಗೊತ್ತು. ಇಂಗ್ಲಿಷ್‌ನಲ್ಲಿ ಓನ್ಲಿ ಎಲ್ಲೋ ವಾಕ್ಯದ ಮಧ್ಯೆ ಅಡಗಿ ಕೂತಿರುತ್ತದೆ, ಕಣ್ಣು ಜಾರಿ ಹೋಗುತ್ತದೆ.

ಅನ್‌ಲೆಸ್ ಬಂದಾಗ ಅದನ್ನು 'ಇಲ್ಲದಿದ್ದರೆ' ಅಂತ ತಿರುಗಿಸಿಕೊಂಡೆ. ಫಾರ್ಮ್ ತಡವಾಗದಿದ್ದರೆ ಹಣ ಬರುತ್ತದೆ. ಸರಿ, ತಡವಾದರೆ? ವಾಕ್ಯ ಏನೂ ಹೇಳಿಲ್ಲ. ಬರಲೂಬಹುದು. ಕಚೇರಿಯಲ್ಲಿ ವರ್ಷಗಟ್ಟಲೆ ಇಂಥ ವಾಕ್ಯ ಓದಿದ್ದೆ, ಇದನ್ನು ಗಮನಿಸಿರಲಿಲ್ಲ.

ಒಂದು ಕಡೆ ಮಾತ್ರ ಕನ್ನಡ ನನ್ನನ್ನು ದಾರಿ ತಪ್ಪಿಸಿತು, ಅದನ್ನೂ ಹೇಳಬೇಕು. 'ಕೆಲವರು ಬಂದರು' ಅಂದರೆ ನಮ್ಮ ಕಿವಿಗೆ ಎಲ್ಲರೂ ಬರಲಿಲ್ಲ ಅಂತಲೇ ಕೇಳುತ್ತದೆ, ಅಲ್ವಾ? ಎಲ್‌ಸ್ಯಾಟ್‌ನ ಸಮ್ ಹಾಗಲ್ಲ. ಒಬ್ಬರಾದರೂ ಬಂದರು ಅಂತ ಅಷ್ಟೇ. ಎಲ್ಲರೂ ಬಂದಿರಬಹುದು. ಹಾಗಾಗಿ ಅದನ್ನು 'ಕೆಲವರು' ಅಂತ ಓದುವುದನ್ನು ಬಿಟ್ಟು 'ಒಬ್ಬರಾದರೂ' ಅಂತ ಓದತೊಡಗಿದೆ.

ಆಮೇಲೆ ಪ್ರತಿ ಭಾನುವಾರ ತಪ್ಪಾದ ಹತ್ತು ಪ್ರಶ್ನೆ ಆರಿಸಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಎಲ್ಲಿ ತಡವರಿಸುತ್ತೇನೋ ಅಲ್ಲಿ ನನಗೆ ಅರ್ಥವಾಗಿಲ್ಲ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು. ಚಂದಾ ಕೋರ್ಸ್ ತಪ್ಪು ಎಲ್ಲಿದೆ ಅಂತ ತೋರಿಸಿತು, ಅಮ್ಮ ಅದನ್ನು ಬಿಡಿಸಿದರು. ಈ ಎರಡೂ ಸೇರಿದ ಮೇಲೆ 151 ಇದ್ದದ್ದು ಬೇಸಿಗೆ ಹೊತ್ತಿಗೆ 160 ದಾಟಿತು. ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟು: ಲಾಹಬ್ ಚಂದಾ ಕಟ್ಟಿ, ಮೂರು ನಾಲ್ಕು ತಿಂಗಳು ಆನ್‌ಲೈನ್ ಕೋರ್ಸ್ ತೆಗೆದುಕೊಳ್ಳಿ, ಮನೆಯಲ್ಲಿ ಕನ್ನಡ ಬಲ್ಲವರು ಯಾರಿದ್ದರೂ ಅವರ ಮುಂದೆ ಕೂತು ವಿವರಿಸಿ.

ಮನೆಯಲ್ಲಿ ಬರೆಯುವುದೋ, ಕೇಂದ್ರಕ್ಕೆ ಹೋಗುವುದೋ ಅನ್ನುವ ಆಯ್ಕೆ ಆಗ ಎಲ್ಲರಿಗೂ ಇತ್ತು; 2026ರ ಆಗಸ್ಟ್‌ನಿಂದ ಹೆಚ್ಚಿನವರು ಕೇಂದ್ರಕ್ಕೇ ಹೋಗಬೇಕು ಅಂತ ಎಲ್‌ಸ್ಯಾಕ್ ಹೇಳಿದೆ. ನಾನು ಎರಡೂ ಮಾಡಿದೆ. 2025ರ ಜನವರಿಯಲ್ಲಿ ಮನೆಯಲ್ಲೇ ಬರೆದೆ. ನಮ್ಮದು ಬೇಸ್‌ಮೆಂಟ್. ಎರಡನೇ ಭಾಗದ ಮಧ್ಯೆ ಮೇಲಿನ ಮನೆಯ ಮಕ್ಕಳು ಓಡಾಡತೊಡಗಿದರು. ಕ್ಯಾಮೆರಾ ಇರುವುದರಿಂದ ಎದ್ದು ಹೋಗಿ ಹೇಳುವ ಹಾಗಿಲ್ಲ. 152 ಬಂತು. ಸೆಪ್ಟೆಂಬರ್‌ನಲ್ಲಿ ಕೇಂದ್ರಕ್ಕೆ ಹೋದೆ, 161 ಬಂತು. ಅಷ್ಟೂ ಅಂಕ ಕೇಂದ್ರದಿಂದ ಬಂತು ಅನ್ನಲಾರೆ, ನಡುವೆ ಎಂಟು ತಿಂಗಳ ಓದು ಇದೆ. ಆದರೆ ಸದ್ದಿಲ್ಲದ ಕೋಣೆ ಇಲ್ಲದ ನನ್ನಂಥವಳಿಗೆ ಕೇಂದ್ರವೇ ವಾಸಿಯಾಗಿತ್ತು. ಐದು ವರ್ಷದಲ್ಲಿ ಐದು ಸಲ, ಜೀವನದಲ್ಲಿ ಒಟ್ಟು ಏಳು ಸಲ ಮಾತ್ರ ಬರೆಯಲು ಬಿಡುತ್ತಾರೆ. ಸುಮ್ನೆ ಒಂದು ಸಲ ನೋಡೋಣ ಅಂತ ಹೋಗಬೇಡಿ.

ಇನ್ನು ಅರ್ಜಿ. ಒಂಟಾರಿಯೊದ ಲಾ ಕಾಲೇಜುಗಳಿಗೆಲ್ಲ ಓಲ್ಸಾಸ್ ಅನ್ನುವ ಒಂದೇ ತಾಣದಲ್ಲಿ ಹಾಕಬಹುದು. ಟೊರಾಂಟೊ, ಆಸ್‌ಗುಡ್, ವಿಂಡ್ಸರ್, ಲೇಕ್‌ಹೆಡ್ ಎಲ್ಲವೂ ಅದರಲ್ಲೇ ಬರುತ್ತವೆ. ಕಡೇ ದಿನ ನವೆಂಬರ್ ಶುರುವಿನಲ್ಲಿ ಬರುತ್ತದೆ. ಬ್ರಿಟಿಷ್ ಕೊಲಂಬಿಯಾದಂಥ ಬೇರೆ ಪ್ರಾಂತ್ಯಕ್ಕೆ ಬೇರೆಯಾಗಿಯೇ ಹಾಕಬೇಕು, ಬೇರೆಯಾಗಿಯೇ ದುಡ್ಡು ಕಟ್ಟಬೇಕು. ನಾನು ಒಂಟಾರಿಯೊಕ್ಕೆ ಮಾತ್ರ ಹಾಕಿದೆ.

ಊರಿನ ಅಂಕಪಟ್ಟಿಯನ್ನು, ಹೊರದೇಶದ ಡಿಗ್ರಿಗಳನ್ನು ಅಳೆದು ನೋಡುವ ಡಬ್ಲ್ಯುಇಎಸ್ ಸಂಸ್ಥೆಯ ಮೂಲಕ ಒಂದೊಂದು ವಿಷಯವಾಗಿ ಮೌಲ್ಯಮಾಪನ ಮಾಡಿಸಬೇಕು. ಇದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ, ಎಲ್‌ಸ್ಯಾಟ್ ಪುಸ್ತಕ ತೆರೆಯುವ ಮೊದಲೇ. ನಾನು ಓದಿದ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದೆ, ಎರಡು ತಿಂಗಳು ಉತ್ತರ ಇಲ್ಲ. ಕೊನೆಗೆ ತಮ್ಮ ರಜೆ ಹಾಕಿ ಹೋಗಿ ಚಲನ್ ಕಟ್ಟಿದ, ಮೂರು ಸಲ ಅಲೆದ, ಮುಚ್ಚಿ ಸೀಲ್ ಹಾಕಿದ ಲಕೋಟೆ ಹೊರಡುವವರೆಗೂ ಕೌಂಟರ್ ಬಿಟ್ಟು ಬರಲಿಲ್ಲ. ಊರಲ್ಲಿ ನಿಮ್ಮ ಪರವಾಗಿ ಹೋಗಿ ನಿಲ್ಲುವವರು ಒಬ್ಬರಿದ್ದರೆ ಇಮೇಲ್ ನಂಬಿ ಕೂರಬೇಡಿ.

ಶಿಫಾರಸು ಪತ್ರಕ್ಕೂ ಎರಡು ದಾರಿ ಇತ್ತು. ಕಚೇರಿಯ ಮ್ಯಾನೇಜರ್ ಒಪ್ಪಿದರು, ಒಂದು ವಾರದಲ್ಲಿ ಬರೆದರು. ಆದರೆ ಕಾಲೇಜುಗಳಿಗೆ ಪಾಠ ಮಾಡಿದವರ ಮಾತು ಇಷ್ಟ. ಹನ್ನೊಂದು ವರ್ಷದ ಹಿಂದೆ ನಮಗೆ ಕಂಪನಿ ಲಾ ಹೇಳಿಕೊಟ್ಟ ಮೇಡಂಗೆ ಹಿಂಜರಿಯುತ್ತಲೇ ಫೋನ್ ಮಾಡಿದೆ. ನಿವೃತ್ತಿ ಆಗಿತ್ತು. ಹೆಸರು ಹೇಳುವ ಮೊದಲೇ, 'ಕೊನೇ ಬೆಂಚಲ್ಲಿ ಕೂತು ಯಾಕೆ ಯಾಕೆ ಅಂತ ಕೇಳ್ತಿದ್ದೆಯಲ್ಲ, ನೀನೇ ತಾನೇ?' ಅಂದರು. ಓಲ್ಸಾಸ್‌ನ ಕೊಂಡಿ ಅವರ ಇಮೇಲ್‌ಗೆ ಹೋಯಿತು. ಮಗನ ಕಂಪ್ಯೂಟರಿನಲ್ಲಿ ಕೂತು, ಅಕ್ಟೋಬರ್ ಕೊನೇ ವಾರದಲ್ಲಿ, ಎರಡು ಪುಟ ಬರೆದು ಕಳಿಸಿದರು.