ಪ್ರೋಟೀನ್ ಹುಡಿಯ ಪೊಟ್ಟಣದಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು

ಬದಿಯಡ್ಕ ಪೇಟೆಯ ದಿನಸಿ ಅಂಗಡಿಯೊಂದರಲ್ಲಿ 'ಪ್ರೋಟೀನ್ ಹುಡಿ' ಎಂಬ ಚೀಟಿ ಹಚ್ಚಿದ ಕಾಳುಗಳ ಹಿಟ್ಟನ್ನು ಕೊಂಡು ಮನೆಯಲ್ಲಿ ಬಳಸಿ ನೋಡಿದೆವು. ಹುರುಳಿ, ಹೆಸರು, ಕಡಲೆ, ಉದ್ದು ಮತ್ತು ಸೋಯಾ ಇದರಲ್ಲಿವೆ. ನೂರು ಗ್ರಾಂ ಹುಡಿಯಲ್ಲಿ 24 ಗ್ರಾಂ ಪ್ರೋಟೀನ್ ಇದೆ ಎಂಬ ಹೇಳಿಕೆ ನಂಬತಕ್ಕದ್ದೇ. ಹುರುಳಿ, ಹೆಸರು, ಉದ್ದುಗಳಲ್ಲಿ ಸುಮಾರು 22, ಸೋಯಾದಲ್ಲಿ 35ಕ್ಕೂ ಹೆಚ್ಚು ಗ್ರಾಂ ಇರುತ್ತದೆ.

ಆದರೆ ಅದರ ಕೆಳಗಿರುವ 'ಮೊಟ್ಟೆಗೆ ಸಮಾನ' ಎಂಬ ಮಾತನ್ನು ಒಪ್ಪಲಾಗದು. ಪ್ರೋಟೀನಿನ ಗುಣಮಟ್ಟವನ್ನು ಅಳೆಯುವಾಗ ಅದರ ಪ್ರಮಾಣದ ಜೊತೆಗೆ, ದೇಹ ತಾನೇ ತಯಾರಿಸಿಕೊಳ್ಳಲಾರದ ಅಮೈನೋ ಆಮ್ಲಗಳು ಸಾಕಷ್ಟಿವೆಯೇ, ತಿಂದದ್ದರಲ್ಲಿ ಎಷ್ಟು ಜೀರ್ಣವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಆಮ್ಲಗಳನ್ನೂ ಜೀರ್ಣವಾಗುವ ಪ್ರಮಾಣವನ್ನೂ ನೋಡಿ ಅಂಕ ಕೊಡುವ, 1991ರಿಂದ ಬಳಕೆಯಲ್ಲಿರುವ ಪಿಡಿಸಿಎಎಎಸ್ ಎಂಬ ಮಾಪನದಲ್ಲಿ ಮೊಟ್ಟೆಗೆ ಪೂರ್ಣಾಂಕವಾದ 1 ಸಿಗುತ್ತದೆ. ಸೋಯಾ ಅದರ ಹತ್ತಿರಕ್ಕೆ ಬರುತ್ತದೆ. ಬೇಯಿಸಿದ ಉಳಿದ ಕಾಳುಗಳಲ್ಲಿ ಹೆಚ್ಚಿನವು ಅರ್ಧದಿಂದ ಮುಕ್ಕಾಲರ ನಡುವೆಯೇ ನಿಲ್ಲುತ್ತವೆ. ಮೆಥಿಯೊನೈನ್, ಸಿಸ್ಟೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲಗಳು ಅವುಗಳಲ್ಲಿ ಕಡಿಮೆ ಇರುವುದೇ ಇದಕ್ಕೆ ಮುಖ್ಯ ಕಾರಣ. ಹೀಗಿರುವಾಗ ಸೋಯಾ ಎಷ್ಟು, ಹುರುಳಿ ಎಷ್ಟು ಎಂಬ ಪ್ರಮಾಣವನ್ನೇ ಮುದ್ರಿಸದಿರುವುದು ಈ ಪೊಟ್ಟಣದ ದೊಡ್ಡ ಕೊರತೆ.

ಬಿಸಿ ಹಾಲಿಗೆ ಕದಡಿ ಕುಡಿಯಿರಿ ಎಂಬ ಸೂಚನೆಯೂ ಸರಿಯಲ್ಲ. ನಾವು ಕೊಂಡ ಹುಡಿಯಲ್ಲಿ ಹಸಿ ಸೋಯಾದ ವಾಸನೆ ಸ್ಪಷ್ಟವಾಗಿತ್ತು, ಬೆರಳಿನಿಂದ ನಾಲಗೆಗೆ ಮುಟ್ಟಿಸಿದರೆ ಸಣ್ಣ ಕಹಿಯೂ ಇತ್ತು. ಹಸಿ ಸೋಯಾ ಮತ್ತು ಹುರುಳಿಯಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಅಂಶವಿದ್ದು, ಚೆನ್ನಾಗಿ ಬೇಯಿಸಿದರೆ ಮಾತ್ರ ಅದರ ಪ್ರಭಾವ ತಗ್ಗುತ್ತದೆ.

ದೋಸೆಗೆ ಮಾತ್ರ ಈ ಹುಡಿ ನಿಜಕ್ಕೂ ಹೊಂದುತ್ತದೆ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಕಾಳುಗಳಲ್ಲಿ ಧಾರಾಳವಾಗಿದೆ, ಕಾಳುಗಳಲ್ಲಿ ಕಡಿಮೆಯಿರುವ ಗಂಧಕಯುಕ್ತ ಆಮ್ಲಗಳು ಅಕ್ಕಿಯಲ್ಲಿ ಹೆಚ್ಚು. ಅಕ್ಕಿ ಹಿಟ್ಟಿಗೆ ನಾಲ್ಕನೆಯ ಒಂದು ಪಾಲು ಬೆರೆಸಿ ಹೊಯ್ದಾಗ ದೋಸೆ ಗರಿಯಾಗಿಯೇ ಎದ್ದಿತು, ಹಸಿ ವಾಸನೆಯೂ ಉಳಿಯಲಿಲ್ಲ. ಜಗಿಯಲಾರದ ಹಿರಿಯರಿರುವ ಮನೆಗೆ ಇದನ್ನು ಗಂಜಿಯಲ್ಲಿ ಬೇಯಿಸಿ ಕೊಡಲು ಕೊಳ್ಳಬಹುದು. ಉಳಿದವರಿಗೆ ಅದೇ ಅಂಗಡಿಯ ಇಡೀ ಹುರುಳಿಯೇ ಸಾಕು, ಬೆಲೆಯೂ ಕಡಿಮೆ. ಆದರೆ ನಮ್ಮ ಕಡೆಯ ರೂಢಿಯಂತೆ ಬೆಂದ ಹುರುಳಿಯ ಕಟ್ಟನ್ನು ಸಾರಿಗೆ ಬಸಿದುಕೊಂಡು ಕಾಳನ್ನು ಹಟ್ಟಿಗೆ ಕಳುಹಿಸಿದರೆ, ಪ್ರೋಟೀನಿನ ಹೆಚ್ಚಿನ ಭಾಗ ದನದ ಪಾಲಾಗುತ್ತದೆ.