ಇಂಗ್ಲಿಷ್ ನುಡಿಗಟ್ಟುಗಳಿಗೆ ಕೇಂಬ್ರಿಜ್ ಆನ್‌ಲೈನ್ ನಿಘಂಟು: ಎಲ್ಲಿ ನೆರವು, ಎಲ್ಲಿ ಕೊರತೆ

ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ಹೆಚ್ಚಿನವು ಅರ್ಥ ಹೇಳಿ ಸುಮ್ಮನಾಗುತ್ತವೆ. ಯಾರು, ಯಾರ ಮುಂದೆ, ಯಾವಾಗ ಆಡುವ ಮಾತು ಎಂಬುದನ್ನು ಬಿಟ್ಟುಬಿಡುತ್ತವೆ. ಎಡವಟ್ಟಾಗುವುದು ಅಲ್ಲೇ. ಕೇಂಬ್ರಿಜ್‌ನ ಉಚಿತ ಆನ್‌ಲೈನ್ ನಿಘಂಟನ್ನು ನಾವು ಮೆಚ್ಚುವುದು ಆ ತಿಳಿವಳಿಕೆಯನ್ನೂ ಕೊಡುತ್ತದೆ ಎಂಬ ಕಾರಣಕ್ಕೆ.

ಕಿವಿಗೆ ಬಿದ್ದ ವಾಕ್ಯವನ್ನು ಇದ್ದಂತೆಯೇ ಟೈಪ್ ಮಾಡಬೇಡಿ. ‘ಹಿ ಈಸ್ ಪುಲ್ಲಿಂಗ್ ಮೈ ಲೆಗ್’ ಎಂದು ಕೇಳಿಸಿಕೊಂಡಿದ್ದರೆ ಕ್ರಿಯಾಪದವನ್ನು ಮೂಲರೂಪಕ್ಕೆ ತಂದು, ‘ಮೈ’ ಇದ್ದಲ್ಲಿ ‘ಸಮ್‌ವನ್ಸ್’ ಹಾಕಿ. ತಮಾಷೆಗೆ ಸುಳ್ಳನ್ನು ನಂಬಿಸಲು ನೋಡುವುದು ಎಂಬ ಅರ್ಥ ಸಿಗುತ್ತದೆ. ಪೂರ್ತಿ ನೆನಪಿಲ್ಲವೇ? ‘ಲೆಗ್’ ಒಂದನ್ನೇ ಹುಡುಕಿ. ಆ ಪದವಿರುವ ನುಡಿಗಟ್ಟುಗಳ ಕೊಂಡಿಗಳು ಅದೇ ಪುಟದಲ್ಲಿರುತ್ತವೆ.

ಅರ್ಥಕ್ಕಿಂತ ಮೊದಲು ಲೇಬಲ್ ಓದಿ. ಆಡುಮಾತೋ, ಹಳೆಯ ಕಾಲದ್ದೋ, ಬ್ರಿಟನ್ನಿನದೋ, ಅಮೆರಿಕದ್ದೋ ಎಂದು ಅದೇ ಹೇಳುವುದು. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು ನಿಜ, ಆದರೆ ಅದರ ಧಾಟಿ ಹಗುರ. ಸಂತಾಪ ಹೇಳುವಾಗ ಬಳಸಿದರೆ ಸತ್ತವರ ಮನೆಯವರಿಗೆ ನೋವಾಗುತ್ತದೆ; ಅಲ್ಲಿ ‘ಪಾಸ್ಡ್ ಅವೇ’ ಸರಿ. ಎಲ್ಲ ಪಟ್ಟಿಗಳಲ್ಲೂ ಕಾಣಿಸುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಈಗಿನ ಕಿವಿಗೆ ಹಳತು. ಜೋರು ಮಳೆಗೆ ‘ಇಟ್ಸ್ ಪೋರಿಂಗ್’ ಎಂದರೆ ಸಾಕು. ಈಗಿರುವ ಒಳ್ಳೆಯದು ಕೆಡದಿರಲಿ ಎಂದು ಬ್ರಿಟನ್ನಿನಲ್ಲಿ ‘ಟಚ್ ವುಡ್’ ಎನ್ನುವುದನ್ನು ಅಮೆರಿಕದವರು ‘ನಾಕ್ ಆನ್ ವುಡ್’ ಎನ್ನುತ್ತಾರೆ.

ಉದಾಹರಣೆ ವಾಕ್ಯಗಳನ್ನು ಹಾರಿಸಬೇಡಿ. ‘ಅಂಡರ್ ದ ವೆದರ್’ಗೆ ಹುಷಾರಿಲ್ಲ ಎಂದಷ್ಟೇ ತಿಳಿದುಕೊಂಡವರು ದೊಡ್ಡ ಕಾಯಿಲೆಗೂ ಅದನ್ನೇ ಬಳಸುತ್ತಾರೆ. ಅದು ನೆಗಡಿ, ಮೈಕೈ ನೋವಿನಂಥ ಸಣ್ಣ ತೊಂದರೆಗೆ ಹೇಳುವ ಮಾತು. ‘ಬ್ರೇಕ್ ಅ ಲೆಗ್’ ಶುಭ ಹಾರೈಕೆಯೇ, ಆದರೆ ಮುಖ್ಯವಾಗಿ ವೇದಿಕೆ ಹತ್ತುವವರಿಗೆ. ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ಖಂಡಿತ ಹೇಳಬಾರದು.

ಕೊರತೆಯೂ ಇದೆ, ಸಣ್ಣದೇನಲ್ಲ. ನುಡಿಗಟ್ಟಿನಲ್ಲಿ ಯಾವ ಪದ ಬದಲಾಗಬಹುದು, ಯಾವುದು ಕೂಡದು ಎಂಬುದನ್ನು ಓದುಗರೇ ಊಹಿಸಬೇಕು. ಗುಟ್ಟು ಬಿಟ್ಟುಕೊಡುವುದಕ್ಕೆ ‘ಸ್ಪಿಲ್ ದ ಬೀನ್ಸ್’ ಎನ್ನುತ್ತಾರೆ. ‘ಸ್ಪಿಲ್’ ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ, ‘ಬೀನ್ಸ್’ ಮಾತ್ರ ಏಕವಚನವಾಗದು. ಸುಲಭದ ಕೆಲಸ ಎನ್ನಲು ಬಳಸುವ ‘ಅ ಪೀಸ್ ಆಫ್ ಕೇಕ್’ನಲ್ಲಿ ‘ಕೇಕ್’ ಹಿಂದೆ ‘ದ’ ಸೇರಿಸಿದರೆ ತಿನ್ನುವ ಕೇಕೇ ಆಗಿಬಿಡುತ್ತದೆ. ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಯಾರೋ ಬಕೆಟ್ಟಿಗೆ ಒದ್ದರು, ಅಷ್ಟೇ. ಕಲಿಯುವವರು ಹೆಚ್ಚು ಎಡವುವ ಜಾಗಗಳಿವು. ಪ್ರತಿ ಪುಟದಲ್ಲೂ ಒಂದು ಸಾಲಿನ ಎಚ್ಚರಿಕೆ ಇರಬೇಕಿತ್ತು.

ನುಡಿಗಟ್ಟಿನ ಮೂಲ ತಿಳಿಯಲೂ ಇದು ಸಾಲದು. ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನ ಜಾಲತಾಣ ಕೆಲವು ನುಡಿಗಟ್ಟುಗಳಿಗೆ ಮೂಲವನ್ನೂ ಕೊಡುತ್ತದೆ, ಅದನ್ನು ಜೊತೆಗಿಟ್ಟುಕೊಳ್ಳಿ.

ಕೇಂಬ್ರಿಜ್‌ನಲ್ಲಿ ಲಾಗಿನ್ ಆದರೆ ಸ್ವಂತ ಪದಪಟ್ಟಿ ಮಾಡಿಕೊಳ್ಳಬಹುದು. ‘ಕಾಲ್ ಇಟ್ ಅ ಡೇ’, ‘ಸ್ಲೀಪ್ ಆನ್ ಇಟ್’, ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಇವುಗಳಿಂದ ಶುರುಮಾಡಿ. ಇವತ್ತಿಗೆ ಕೆಲಸ ಸಾಕು, ನಾಳೆವರೆಗೆ ಯೋಚಿಸಿ ತೀರ್ಮಾನಿಸೋಣ, ಮುಂದಿನ ಹೆಜ್ಜೆ ನಿಮ್ಮದು ಎಂಬ ಮಾತುಗಳು ಕಚೇರಿಯಲ್ಲಿ ದಿನವೂ ಬೇಕಾಗುತ್ತವೆ.